ಒಂಬತ್ತನೇ ಹಾಸಿಗೆಯ ಕಡೆಯವರು

ಜೂನ್ ೪

ಅಮ್ಮನಿಗೆ,

ಇವತ್ತು ಬೆಳಿಗ್ಗೆ ಕೆಲಸಕ್ಕೆ ಕೂತಾಗ ಮೈಕಿನ ಸ್ಪಂಜಿನ ಮೇಲೆ ಒಂದು ಕೆಂಪು ಕಲೆ ಕಂಡಿತು. ತುಟಿಗೆ ಹಚ್ಚುವ ಬಣ್ಣ. ನನಗಿಂತ ಮೊದಲು ಈ ಕುರ್ಚಿಯಲ್ಲಿ ಕೂತಿದ್ದವಳದು. ಒದ್ದೆ ಬಟ್ಟೆಯಲ್ಲಿ ಉಜ್ಜಿದೆ, ಹೋಗಲಿಲ್ಲ. ಮೈಕಿಗೆ ಇಷ್ಟು ಹತ್ತಿರ ಬಾಯಿಟ್ಟು ಮಾತಾಡುತ್ತಿದ್ದಳೆಂದರೆ ಅವಳದೂ ನನ್ನ ಹಾಗೆ ಸಣ್ಣ ದನಿಯೇ ಇರಬೇಕು ಎಂದುಕೊಂಡು ಸ್ವಲ್ಪ ಸಮಾಧಾನವಾಯಿತು. ಆಮೇಲೆ ವಿಚಾರಿಸಿದರೆ, ಅವಳು ಒಂದು ದಿನ ಊಟಕ್ಕೆಂದು ಎದ್ದು ಹೋದವಳು ತಿರುಗಿ ಬರಲೇ ಇಲ್ಲವಂತೆ.

ಕೆಲಸ ಏನೆಂದು ನೀನು ಕೇಳಿದ್ದೆ. ಫೋನಿನಲ್ಲಿ ಹೇಳಿದರೆ ನಿನಗೆ ಕೇಳಿಸುವುದಿಲ್ಲ. ಅಪ್ಪನಿಗೆ ಹೇಳಿದರೆ ಎಲ್ಲವನ್ನೂ "ಚೆನ್ನಾಗಿದಾಳಂತೆ" ಎಂಬ ಒಂದು ಮಾತಿಗೆ ಇಳಿಸಿ ನಿನಗೆ ತಲುಪಿಸುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ದೊಡ್ಡ ಆಸ್ಪತ್ರೆ. ಮೇಲಿನ ಮಹಡಿಯಲ್ಲಿ ಜೀವಕ್ಕೆ ಅಪಾಯವಿರುವವರನ್ನು ಇಡುವ ಐಸಿಯು. ಅದರ ಹೊರಗೆ ಒಂದು ಉದ್ದನೆಯ ಹಾಲ್, ಒಳಗಿರುವವರ ಮನೆಯವರು ಕಾಯುವುದಕ್ಕೆ. ಹಾಲಿನ ಮೂಲೆಯಲ್ಲಿ ಗಾಜಿನ ಗೂಡು, ಗೂಡಿನಲ್ಲಿ ನಾನು, ನನ್ನ ಮುಂದೆ ಮೈಕು ಮತ್ತು ಫೋನು. ಒಳಗಿನಿಂದ ನರ್ಸ್ ಫೋನಿನಲ್ಲಿ ಹೇಳುತ್ತಾರೆ, ನಾನು ಮೈಕಿನಲ್ಲಿ ಕರೆಯುತ್ತೇನೆ. ಹೆಸರು ಹೇಳುವಂತಿಲ್ಲ, ಹಾಸಿಗೆಯ ನಂಬರ್ ಮಾತ್ರ. ಐದನೇ ಹಾಸಿಗೆಯ ಕಡೆಯವರು ಔಷಧಿ ಕಿಟಕಿಗೆ ಬನ್ನಿ. ಹನ್ನೊಂದನೇ ಹಾಸಿಗೆಯ ಕಡೆಯವರು ನೋಡಲು ಬನ್ನಿ. ಎರಡನೇ ಹಾಸಿಗೆಯ ಕಡೆಯವರು ಒಳಕೋಣೆಗೆ ಬನ್ನಿ. ಒಳಕೋಣೆ ಎಂದರೆ ಡಾಕ್ಟರು ಕೂತು ಮಾತಾಡುವ ಜಾಗ. ಹುಷಾರಾಗಿ ವಾರ್ಡಿಗೆ ಕಳಿಸುವುದಿದ್ದರೂ ಅಲ್ಲಿಗೇ ಕರೆಯುತ್ತಾರೆ, ಜೀವ ಹೋಗಿದ್ದರೂ ಅಲ್ಲಿಗೇ. ಯಾವುದೆಂದು ನನಗೆ ಮೊದಲೇ ಗೊತ್ತಿರುತ್ತದೆ, ಯಾಕೆಂದರೆ ಜೀವ ಹೋಗಿದ್ದರೆ ಕೆಳಗೆ ಆಂಬುಲೆನ್ಸಿನವರಿಗೂ ನಾನೇ ತಿಳಿಸಬೇಕು. ಆದರೆ ಹಾಲಿನವರಿಗೆ ಅದು ನನ್ನಿಂದ ಗೊತ್ತಾಗಬಾರದು. ಹೇಳುವುದು ಡಾಕ್ಟರ ಕೆಲಸ.

ಇಷ್ಟು ವರ್ಷ ಸಾಹಿತ್ಯ ಓದಿದ್ದಕ್ಕೆ ಕೊನೆಗೆ ಸಿಕ್ಕಿದ್ದು ಮೂರು ವಾಕ್ಯ. ಆ ಮೂರನ್ನು ಹೇಳುವುದಕ್ಕೂ ಮೊದಲ ದಿನ ಬಾಯಿ ಒಣಗಿ ಹೋಗಿತ್ತು. ಮೈಕಿನ ಗುಂಡಿ ಒತ್ತಿದ ಕೂಡಲೇ ಹಾಲಿನವರೆಲ್ಲ ತಲೆಯೆತ್ತಿ ನನ್ನನ್ನೇ ನೋಡುತ್ತಾರೆ. ಶಾಲೆಯಲ್ಲಿ ಪಾಠ ಮಾಡುವಾಗ ಮಕ್ಕಳು ಯಾರೂ ನನ್ನ ಕಡೆ ನೋಡುವುದಿಲ್ಲ ಎಂಬುದೇ ಕಷ್ಟವಾಗಿತ್ತು. ಇಲ್ಲಿ ಎಲ್ಲರೂ ನೋಡುತ್ತಾರೆ.

ಶಾಲೆಯ ಕೆಲಸವನ್ನು ವಾರ ತುಂಬುವ ಮೊದಲೇ ಬಿಟ್ಟು ಬಂದಾಗ ನೀನು ಏನೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇದನ್ನು ಬಿಡುವುದಿಲ್ಲ ಅಮ್ಮ. ಆರು ತಿಂಗಳು ನೋಡಿ ಕಾಯಂ ಮಾಡುತ್ತಾರಂತೆ. ಇಲ್ಲಿಂದಲೂ ಓಡಿ ಬಂದರೆ, ಜನರ ಮುಂದೆ ಬಾಯಿ ಬಿಡಲಾಗದವಳು ಎಂದು ನನಗೆ ನಾನೇ ತೀರ್ಮಾನ ಮಾಡಿಕೊಂಡುಬಿಡುತ್ತೇನೆ. ಆಮೇಲೆ ಇನ್ನೊಂದು ಕಡೆ ಬಾಗಿಲು ತಟ್ಟುವ ಧೈರ್ಯ ಬರುವುದಿಲ್ಲ.

ನಿನ್ನ ಮಗಳು

*

ಜೂನ್ ೧೫

ನನ್ನ ಸೊಳ್ಳೆಗೆ,

ಕಾಗದ ಬಂತು. ನಿಮ್ಮಪ್ಪನಿಗೆ ಪೂರ್ತಿ ಓದಿ ಹೇಳಿದೆ. ಎಲ್ಲಾ ಕೇಳಿಸಿಕೊಂಡು, "ಚೆನ್ನಾಗಿದಾಳೆ ಅಂತ ನಾನು ಆವತ್ತೇ ಹೇಳ್ಲಿಲ್ವಾ" ಅಂದರು. ಅವರ ಜೊತೆ ಏನು ಏಗುವುದು.

ನೀನು ಹುಟ್ಟಿದಾಗ ಅತ್ತದ್ದು ನನಗೆ ಚೆನ್ನಾಗಿ ಕೇಳಿಸಿತ್ತು. ಆಗಿನ್ನೂ ನೂಲಿನ ಮಿಲ್ಲಿನ ಸದ್ದು ನನ್ನ ಕಿವಿ ತಿಂದಿರಲಿಲ್ಲ. ಆಮೇಲೆ ಇತ್ತ ನನ್ನ ಕಿವಿ ಮಂದವಾಗುತ್ತಾ ಬಂತು, ಅತ್ತ ನಿನ್ನ ದನಿ ಸೊಳ್ಳೆಯ ಹಾಗೆ ಸಣ್ಣಗಾಗುತ್ತಾ ಬಂತು. ನಮ್ಮಿಬ್ಬರ ಜೋಡಿ ಚೆನ್ನಾಗಿದೆ. ನೀನು ಮೈಕಿನಲ್ಲಿ ಮಾತಾಡುವ ಕೆಲಸಕ್ಕೆ ಸೇರಿದ್ದೀಯ ಅಂತ ಪಕ್ಕದ ಮನೆಯವಳಿಗೆ ಹೇಳಿದರೆ, ಅವಳು ಮೊದಲು ನಂಬಲಿಲ್ಲ. ಆಮೇಲೆ, "ಮೈಕು ಒಳ್ಳೆ ಕಂಪನೀದಾ ನೋಡ್ಕೊಳ್ಳೋಕೆ ಹೇಳಿ" ಅಂದಳು.

ಮಿಲ್ಲಿಗೆ ಸೇರಿದ ಹೊಸದರಲ್ಲಿ ನಾನು ಬಚ್ಚಲಿಗೆ ಹೋಗಿ ಅಳುತ್ತಿದ್ದೆ. ಅಲ್ಲಿ ಆಗಲೇ ಯಾರಾದರೂ ಅಳುತ್ತಾ ಇರುತ್ತಿದ್ದರು. ಅವರದು ಮುಗಿಯುವ ತನಕ ಹೊರಗೆ ನಿಂತು ಕಾಯಬೇಕಾಗುತ್ತಿತ್ತು. ಎಲ್ಲರಿಗೂ ಹೀಗೇ ಅಂತ ಗೊತ್ತಾದ ಮೇಲೆ ಅಳು ಕಡಿಮೆಯಾಯಿತು.

ಬಿಡಬೇಕು ಅನ್ನಿಸಿದ ದಿನವೇ ಬಿಡಬೇಡ. ಮಾರನೇ ದಿನವೂ ಹಾಗೇ ಅನ್ನಿಸಿದರೆ ನನಗೆ ಬರೆ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ

*

ಜುಲೈ ೨೦

ಅಮ್ಮ,

ಬರೆಯುವುದು ತಡವಾಯಿತು. ಹಾಸ್ಟೆಲ್ಲಿಗೆ ಬಂದರೆ ಬಟ್ಟೆ ಬದಲಿಸುವುದಕ್ಕೂ ಬೇಸರವಾಗಿ ಹಾಗೇ ಮಲಗಿಬಿಡುತ್ತೇನೆ. ಕೂತೇ ಇರುವ ಕೆಲಸಕ್ಕೆ ಇಷ್ಟೊಂದು ದಣಿವು ಯಾಕೆಂದು ತಿಳಿಯುವುದಿಲ್ಲ. ಕನ್ನಡಿಯಲ್ಲಿ ನೋಡಿಕೊಂಡರೆ ಭುಜಗಳು ಕಿವಿಯ ಹತ್ತಿರ ಬಂದು ಕೂತಿವೆ. ಎಲ್ಲಿ ಫೋನ್ ರಿಂಗಾದರೂ, ಅಂಗಡಿಯಲ್ಲಾಗಲಿ ಬಸ್ಸಿನಲ್ಲಾಗಲಿ, ಕೈ ತಾನಾಗಿ ಮೈಕಿನ ಗುಂಡಿ ಹುಡುಕುತ್ತದೆ.

ಹಾಲಿನಲ್ಲಿ ಒಬ್ಬಾಕೆ ಇದ್ದಾಳೆ, ಒಂಬತ್ತನೇ ಹಾಸಿಗೆಯವನ ಹೆಂಡತಿ. ಗಂಡ ಲಾರಿ ಡ್ರೈವರ್, ನಿಲ್ಲಿಸಿದ ಲಾರಿಯಲ್ಲೇ ಬಿದ್ದಿದ್ದನಂತೆ. ನಾನು ಸೇರುವ ಮೊದಲಿಂದಲೂ ಅವಳು ಅಲ್ಲಿದ್ದಾಳೆ. ಬಚ್ಚಲಿನ ಸರದಿ ಯಾರದು, ಗೋಡೆ ಬದಿಯ ಬೆಂಚು ಯಾರಿಗೆ, ಹೊಸದಾಗಿ ಬಂದವರು ಚೀಲ ಎಲ್ಲಿಡಬೇಕು, ಎಲ್ಲವೂ ಅವಳದೇ ತೀರ್ಮಾನ. ಎಲ್ಲರೂ ಅವಳನ್ನು ಯಜಮಾನಿ ಎನ್ನುತ್ತಾರೆ. ಗಂಡನ ಮೇಲೆ ದೂರು ಹೇಳುತ್ತಲೇ ಇರುತ್ತಾಳೆ. ಮನೆಯಲ್ಲಿ ಒಂದು ಕಡೆ ಕೂರದ ಮನುಷ್ಯ ಈಗ ಹೇಗೆ ಮಲಗಿದಾನೆ ನೋಡಿ, ಎದ್ದು ಬರಲಿ, ವಿಚಾರಿಸಿಕೊಳ್ಳುತ್ತೇನೆ ಎಂದು. ಅವಳು ಹೀಗೆ ಬೈಯುವಾಗ ಅಕ್ಕಪಕ್ಕದವರ ಮುಖ ಸ್ವಲ್ಪ ಸಡಿಲವಾಗುತ್ತದೆ.

ಮೊನ್ನೆ ಅವಳು ನನ್ನ ಗಾಜಿನ ಕಿಂಡಿಗೆ ಬಾಯಿಟ್ಟು ಗುಟ್ಟಾಗಿ ಹೇಳಿದಳು: "ನಿನಗೊಂದು ವಿಷಯ ಗೊತ್ತಾ? ಕೆಟ್ಟದ್ದಿದ್ರೆ ನೀನು ಕರೆಯೋಕೆ ಮುಂಚೆ ಉಸಿರೆಳ್ಕೊತೀಯ. ಮೈಕಲ್ಲಿ ಕೇಳುತ್ತೆ. ಒಳ್ಳೇದಿದ್ರೆ ಎಳ್ಕೊಳಲ್ಲ."

ನಾನು ಇಲ್ಲವೆಂದೆ. ಅವಳು ನಕ್ಕು, ಹಾಲಿಗೆಲ್ಲ ಗೊತ್ತು, ನಿನಗೊಬ್ಬಳಿಗೇ ಗೊತ್ತಿಲ್ಲ ಎಂದಳು. ಹೊಸಬರು ಬಂದರೆ ಅವಳೇ ಹೇಳಿಕೊಡುತ್ತಾಳಂತೆ: ನಂಬರ್ ಆಮೇಲೆ ಕೇಳಿ, ಮೊದಲು ಆ ಹುಡುಗಿಯ ಉಸಿರು ಕೇಳಿ.

ಅಂದಿನಿಂದ ನನಗೂ ಅದು ಕೇಳಿಸುತ್ತಿದೆ. ಬಾವಿಗೆ ಇಳಿಯುವವಳು ಎಳೆದುಕೊಳ್ಳುವಂಥ ಉಸಿರು. ಬೇಡವೆಂದಷ್ಟೂ ಜೋರಾಗುತ್ತದೆ. ನಿನ್ನೆ ಹಾಗೆ ಎಳೆದುಕೊಂಡೆ, ನಂಬರ್ ಇನ್ನೂ ಬಾಯಿಂದ ಬಂದಿರಲಿಲ್ಲ, ಅಷ್ಟರಲ್ಲಿ ಹಾಲಿಗೆ ಹಾಲೇ ಎದ್ದು ನಿಂತಿತು. ಎಲ್ಲರೂ ತಮ್ಮನ್ನೇ ಎಂದುಕೊಂಡು ಬಾಗಿಲ ಕಡೆ ನುಗ್ಗಿದರು. ಒಬ್ಬ ವಯಸ್ಸಾದ ಹೆಂಗಸು ನೂಕಾಟದಲ್ಲಿ ಬಿದ್ದು ಮೊಣಕೈ ಒಡೆದುಕೊಂಡಳು. ಅವಳ ಮಗ ಒಳಗೆ ಚೆನ್ನಾಗಿಯೇ ಇದ್ದ.

ಮೇಲ್ವಿಚಾರಕಿ ಕರೆಸಿದರು. ಕೆಟ್ಟವರಲ್ಲ, ಅವರೂ ಇದೇ ಗೂಡಿನಲ್ಲಿ ಕೂತು ಮೇಲೆ ಬಂದವರು. "ನಿನ್ನ ಒಂದು ಉಸಿರಿಗೆ ಅಷ್ಟೂ ಜನ ಸಾಯ್ತಾರಲ್ಲಮ್ಮ. ಸಾಯೋದು ಒಬ್ಬರು ಮಾತ್ರ," ಎಂದರು. ಎಲ್ಲ ಕರೆಯೂ ಒಂದೇ ಥರ ಇರಬೇಕು, ಬಸ್ ನಿಲ್ದಾಣದಲ್ಲಿ ಬಸ್ಸಿನ ನಂಬರ್ ಹೇಳುವ ಹಾಗೆ. ಅದು ಬಂದರೆ ಕಾಯಂ ಮಾಡುವುದು, ಇಲ್ಲವಾದರೆ ತಮ್ಮ ಕೈಯಲ್ಲೂ ಏನಿಲ್ಲ ಎಂದರು. ಅವರು ಹೇಳಿದ್ದು ಸರಿ, ಅದಕ್ಕೇ ಅಲ್ಲಿ ಅಳು ಬಂತು. ತಪ್ಪು ಹೇಳಿದ್ದರೆ ಸಿಟ್ಟು ಬರುತ್ತಿತ್ತು.

ನಿನ್ನ ಮಗಳು

*

ಆಗಸ್ಟ್ ೨

ಸೊಳ್ಳೆಗೆ,

ನಿನ್ನ ಕಾಗದ ಓದಿ ಆ ಬಿದ್ದ ಹೆಂಗಸಿನದೇ ಯೋಚನೆಯಾಯಿತು. ಮೊಣಕೈ ವಾಸಿಯಾಯಿತೋ ಇಲ್ಲವೋ ಬರೆ.

ನಿನ್ನ ಕಷ್ಟಕ್ಕೆ ನನಗೊಂದು ಉಪಾಯ ಗೊತ್ತು. ಸೂಜಿಗೆ ದಾರ ಹಾಕುವಾಗ ಉಸಿರೆಳೆದುಕೊಂಡರೆ ಕೈ ನಡುಗುತ್ತದೆ. ಹಿಡಿದುಕೊಂಡರೆ ಇನ್ನೂ ನಡುಗುತ್ತದೆ. ಅದಕ್ಕೆ ನಾನು ಮೊದಲು ಇರುವ ಉಸಿರನ್ನೆಲ್ಲ ಹೊರಗೆ ಬಿಟ್ಟುಬಿಡುತ್ತೇನೆ. ಪೂರ್ತಿ ಖಾಲಿಯಾದ ಮೇಲೆ ಒಂದು ಗಳಿಗೆ ಕೈ ಕಲ್ಲಿನ ಹಾಗೆ ನಿಲ್ಲುತ್ತದೆ. ಅಷ್ಟರಲ್ಲಿ ದಾರ ಪೋಣಿಸಬೇಕು. ನೀನೂ ಹಾಗೇ ಮಾಡು. ಫೋನ್ ಇಟ್ಟ ಕೂಡಲೇ ಮುಖ ಆ ಕಡೆ ತಿರುಗಿಸಿ ಉಸಿರೆಲ್ಲ ಬಿಡು, ಸ್ವಲ್ಪವೇ ಸ್ವಲ್ಪ ತೆಗೆದುಕೊಂಡು ಗುಂಡಿ ಒತ್ತು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳಬೇಡ, ತೂತು ಮಾತ್ರ ನೋಡು.

ಇದನ್ನು ಬರೆಯುವಾಗ ನಾನೂ ಕೂತಲ್ಲೇ ಉಸಿರು ಬಿಟ್ಟು ಬಿಟ್ಟು ನೋಡುತ್ತಿದ್ದೆ. ನಿಮ್ಮಪ್ಪ ಬಂದು, ಏನು, ಎದೆ ನೋವಾ ಅಂತ ಗಾಬರಿಯಾದರು. ನನ್ನ ಬಗ್ಗೆ ಇಷ್ಟೊಂದು ಚಿಂತೆ ಇದೆ ಅಂತ ಇಷ್ಟು ವರ್ಷಕ್ಕೆ ಇವತ್ತು ಗೊತ್ತಾಯಿತು.

ನಿನ್ನ ಅಮ್ಮ

*

ಸೆಪ್ಟೆಂಬರ್ ೯

ಅಮ್ಮ,

ನಿನ್ನ ಉಪಾಯ ಫಲಿಸಿತು. ಮೊದಲು ಕೆಲವು ದಿನ ಆ ಉಸಿರು ಬಂದು ಹೋಗುತ್ತಿತ್ತು, ಈಗ ನಿಂತಿದೆ. ಕೆಟ್ಟದ್ದಿರಲಿ ಒಳ್ಳೆಯದಿರಲಿ, ಒಂದೇ ದನಿ. ಮೇಲ್ವಿಚಾರಕಿ ಒಂದು ದಿನ ಸುಮ್ಮನೆ ಬಂದು ಬೆಂಚಿನಲ್ಲಿ ಕೂತು ಕೇಳಿ, ಹೋಗುವಾಗ ಗಾಜಿನ ಮೇಲೆ ಬೆರಳಿನಿಂದ ಮೆಲ್ಲಗೆ ತಟ್ಟಿದರು. ಆ ಹೆಂಗಸಿನ ಮೊಣಕೈ ವಾಸಿಯಾಗಿ, ಮಗನನ್ನು ಮನೆಗೂ ಕರೆದುಕೊಂಡು ಹೋದಳು.

ಈಗ ಬೇರೆಯವರ ಫೋನಿಗೆ ಕೈ ಗುಂಡಿ ಹುಡುಕುವುದಿಲ್ಲ. ಊಟ ಸೇರುತ್ತದೆ, ರುಚಿ ಮಾತ್ರ ಗೊತ್ತಾಗುವುದಿಲ್ಲ. ಸಂಜೆ ಹಾಸ್ಟೆಲ್ಲಿಗೆ ನಡೆದು ಬರುವಾಗ ದಾರಿಯಲ್ಲಿ ಏನು ಕಂಡೆನೆಂದು ನೆನಪಾಗುವುದಿಲ್ಲ. ಮೊದಲು ಹಾಗಿರಲಿಲ್ಲ. ನನ್ನ ಕೋಣೆಯವಳು, ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವವಳು, ಅವಳಿಗೆ ಮದುವೆ ಗೊತ್ತಾಯಿತೆಂದು ಕುಣಿಯುತ್ತಾ ಬಂದಳು. ಸಂತೋಷ ಎಂದೆ. ಅವಳು ನನ್ನನ್ನೇ ನೋಡಿ, "ಯಾವ ಕಿಟಕಿಗೆ ಬರ್ಬೇಕು ಮೇಡಂ?" ಎಂದು ಕೇಳಿದಳು. ತಮಾಷೆಗೇ ಕೇಳಿದ್ದು. ನಾನು ನಗಬೇಕಿತ್ತು.

ನಿನಗೆ ನನ್ನ ದನಿ ಕೇಳಿಸದಿರುವುದೇ ಒಳ್ಳೆಯದಾಯಿತು ಎಂದು ಒಂದೊಂದು ಸಲ ಅನ್ನಿಸುತ್ತದೆ.

ಒಳ್ಳೆಯ ಸುದ್ದಿಯೊಂದಿದೆ. ಒಂಬತ್ತನೇ ಹಾಸಿಗೆಯವನು ಕಣ್ಣು ಬಿಟ್ಟಿದ್ದಾನೆ. ಯಜಮಾನಿ ಮನೆಯಿಂದ ಅವನ ಚಪ್ಪಲಿ ತರಿಸಿ ಬೆಂಚಿನ ಕೆಳಗೆ ಜೋಡಿಸಿಟ್ಟಿದ್ದಾಳೆ. ನಡೆಯುವುದಕ್ಕೆ ಇನ್ನೂ ದಿನ ಬೇಕು ಎಂದು ಯಾರೋ ಅಂದದ್ದಕ್ಕೆ, ಅವನ ಕಾಲಿಗಲ್ಲ, ಅವನ ತಲೆಗೆ ಎರಡು ಕೊಡುವುದಕ್ಕೆ ತರಿಸಿದ್ದು ಎಂದಳು.

ನಿನ್ನ ಮಗಳು

*

ಅಕ್ಟೋಬರ್ ೧೨

ಅಮ್ಮನಿಗೆ,

ನಾನು ಕ್ಷೇಮ. ನೀವಿಬ್ಬರೂ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ಚಳಿ ಶುರುವಾಗಿದೆ. ಕೆಲಸ ನಡೆಯುತ್ತಿದೆ. ನನ್ನನ್ನು ಕಾಯಂ ಮಾಡುವುದಕ್ಕೆ ಮೇಲ್ವಿಚಾರಕಿ ಮೇಲಿನವರಿಗೆ ಹೇಳಿದ್ದಾರೆ. ಅಪ್ಪನಿಗೆ ತಿಳಿಸು.

ನಿನ್ನ ಮಗಳು

*

ಅಕ್ಟೋಬರ್ ೨೪

ಮಗಳೇ,

ಕಾಗದ ಬಂತು, ಆದರೆ ಅದರಲ್ಲಿ ಏನೂ ಇರಲಿಲ್ಲ. ಲಕೋಟೆ ಕೊಡವಿ ನೋಡಿದೆ. ನೀನು ಕ್ಷೇಮ, ನಾವು ಕ್ಷೇಮ, ಚಳಿ. ಇದನ್ನು ನಿಮ್ಮಪ್ಪನೇ ಬರೆಯಬಹುದಿತ್ತು.

ಎಲ್ಲರಿಗೂ ಹೇಳಿಕೊಂಡು ಬರಬೇಕಾದ ಸುದ್ದಿಯನ್ನು ನೀನು ಹೀಗೆ ಬರೆದಿದ್ದೀಯ, ಅದಕ್ಕೆ ಯಾರಿಗೂ ಹೇಳಿಲ್ಲ. ಒಂಬತ್ತನೇ ಹಾಸಿಗೆಯವನು ಏನಾದ? ಅವನ ಬಗ್ಗೆ ಒಂದು ಮಾತೂ ಇಲ್ಲ. ನನಗೆ ಕಿವಿ ಇಲ್ಲ ನಿಜ. ಆದರೆ ಕಿವಿ ಇಲ್ಲದವರಿಗೆ, ಎದುರಿಗಿರುವವರು ಯಾವಾಗ ಮಾತು ನಿಲ್ಲಿಸಿದರು ಅನ್ನುವುದು ಬೇಗ ಗೊತ್ತಾಗುತ್ತದೆ.

ನನಗೆ ಬೇಜಾರಾಗುತ್ತದೆ ಅಂತ ಮುಚ್ಚಿಟ್ಟಿದ್ದರೆ, ಮುಚ್ಚಿಟ್ಟಿದ್ದಕ್ಕೆ ಆಗಲೇ ಬೇಜಾರಾಗಿದೆ. ಇನ್ನು ಹೇಳಿಬಿಡು.

ನಿನ್ನ ಅಮ್ಮ

*

ನವೆಂಬರ್ ೬

ಅಮ್ಮ,

ಹೇಳಬಾರದೆಂದಿದ್ದೆ. ಯಾಕೆಂದು ಓದುತ್ತಾ ಹೋದರೆ ನಿನಗೇ ತಿಳಿಯುತ್ತದೆ.

ಅವನನ್ನು ಅಕ್ಟೋಬರ್ ಮೊದಲ ವಾರ ವಾರ್ಡಿಗೆ ಕಳಿಸುವುದೆಂದು ಡಾಕ್ಟರೇ ಹೇಳಿದ್ದರು. ಬೆಳಿಗ್ಗೆ ನೋಡಲು ಹೋದಾಗ ಅವನು ಯಜಮಾನಿಯ ಕೈ ಒತ್ತಿದನಂತೆ. ಹಾಲಿನ ತುಂಬ ಅದೇ ಮಾತು. ಮಧ್ಯಾಹ್ನ ನರ್ಸಿನ ಫೋನ್ ಬಂತು. ಒಂಬತ್ತು, ಒಳಕೋಣೆ. ಇದ್ದಕ್ಕಿದ್ದ ಹಾಗೆ ಹೃದಯ ನಿಂತಿತು, ಎಷ್ಟು ಪ್ರಯತ್ನಪಟ್ಟರೂ ಆಗಲಿಲ್ಲ ಎಂದರು. ಅವರ ದನಿಯೂ ನನ್ನದರ ಹಾಗೇ ಇತ್ತು.

ನಾನು ಮುಖ ತಿರುಗಿಸಿ ಉಸಿರನ್ನೆಲ್ಲ ಹೊರಗೆ ಬಿಟ್ಟೆ. ಗುಂಡಿ ಒತ್ತಿದೆ. ಒಂಬತ್ತನೇ ಹಾಸಿಗೆಯ ಕಡೆಯವರು ಒಳಕೋಣೆಗೆ ಬನ್ನಿ. ದನಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಕರೆದಿರಲಿಲ್ಲ.

ಯಜಮಾನಿ ಎದ್ದು ನಿಂತಳು. ನಗುತ್ತಿದ್ದಳು. "ಕೇಳಿದ್ರಾ? ಉಸಿರೆಳೀಲಿಲ್ಲ," ಎಂದು ಸುತ್ತಲಿದ್ದವರಿಗೆ ಹೇಳಿದಳು. ನನ್ನ ಉಸಿರು ನಿಂತು ವಾರಗಳೇ ಆಗಿದ್ದವು ಅಮ್ಮ. ಅವಳು ಅದನ್ನು ಗಮನಿಸಿರಲಿಲ್ಲ. ಆ ವಾರಗಳಲ್ಲಿ ತೀರಿಹೋದವರ ಮನೆಯವರು ಎಲ್ಲ ಹೊಸಬರು, ಅವಳಿಗೆ ಪರಿಚಯವಾಗುವ ಮೊದಲೇ ಹೊರಟುಹೋದವರು. ಒಳಕೋಣೆಗೆ ಹೋದವರು ಹೆಚ್ಚಾಗಿ ಆ ಕಡೆಯ ಬಾಗಿಲಿನಿಂದಲೇ ಕೆಳಗಿಳಿಯುತ್ತಾರೆ, ಹಾಲಿಗೆ ತಿರುಗಿ ಬಂದು ಏನಾಯಿತೆಂದು ಹೇಳುವುದಿಲ್ಲ.

ಅವಳು ಆತುರಪಡಲಿಲ್ಲ. ತಾನು ಕೂರುತ್ತಿದ್ದ ಬೆಂಚನ್ನು ಹನ್ನೆರಡನೇ ಹಾಸಿಗೆಯ ಕಡೆಯ ಮುದುಕನಿಗೆ ಬಿಟ್ಟುಕೊಟ್ಟು, ದಿಂಬನ್ನೂ ಅವನಿಗೇ ಕೊಟ್ಟಳು. ಬಕೆಟ್ಟು ಯಾರು ಇಟ್ಟುಕೊಳ್ಳಬೇಕು, ಬಚ್ಚಲಿನ ಸರದಿ ಇನ್ನು ಯಾರು ನೋಡಿಕೊಳ್ಳಬೇಕು ಎಂದು ಒಪ್ಪಿಸಿದಳು. ಕಂಬಳಿ ಮಡಿಸಿದಳು. ಚಪ್ಪಲಿಗಳನ್ನು ಸೆರಗಿನಿಂದ ಒರೆಸಿ ಚೀಲದ ಮೇಲ್ಗಡೆ ಇಟ್ಟುಕೊಂಡಳು, ಕೈಗೆ ಬೇಗ ಸಿಗಲಿ ಎಂದು. ಇದೆಲ್ಲ ನನ್ನ ಎದುರಿಗೇ ನಡೆಯಿತು. ಕೊನೆಗೆ ಗಾಜಿನ ಹತ್ತಿರ ಬಂದು, "ಬರ್ತೀನಮ್ಮ. ಇನ್ಮೇಲೆ ನಿನ್ನ ದನಿ ಕೇಳೋ ಗ್ರಹಚಾರ ತಪ್ಪಿತು ನನಗೆ," ಎಂದಳು.

ನಾನು ತಲೆಯಾಡಿಸಿದೆ.

ಎರಡೂ ಕೈಯಲ್ಲಿ ಚೀಲವಿದ್ದುದರಿಂದ ಯಾರೋ ಓಡಿ ಹೋಗಿ ಒಳಕೋಣೆಯ ಬಾಗಿಲು ತೆಗೆದು ಹಿಡಿದರು.

ಒಳಗಿನಿಂದ ಏನೂ ಕೇಳಿಸಲಿಲ್ಲ. ಅಳುವಾಗ ಜೋರಾಗಿ ಅಳುವವಳು ಎಂದುಕೊಂಡಿದ್ದೆ. ತುಂಬ ಹೊತ್ತಿನ ಮೇಲೆ ಹಾಲಿಗೇ ತಿರುಗಿ ಬಂದಳು. ಅಷ್ಟರಲ್ಲಿ ಬಂದಿದ್ದ ಅವಳ ಮೈದುನ ಚೀಲಗಳನ್ನು ಹಿಡಿದುಕೊಂಡಿದ್ದ. ಹಾಲಿನವರೆಲ್ಲ ನೆಲ ನೋಡುತ್ತಿದ್ದರು. ಅವಳು ನೆಟ್ಟಗೆ ನನ್ನ ಹತ್ತಿರ ಬಂದಳು. ಬೈಯುತ್ತಾಳೆ, ಬೈಯಲಿ ಎಂದು ಕಾದೆ.

"ನೀನು ಹೇಳ್ಬೇಕಿತ್ತು ಅಂತ ಅಲ್ಲ," ಎಂದಳು. "ಆದ್ರೆ ನಾನು ನಗ್ತಾ ಹೋದ್ನಲ್ಲ."

ಅಷ್ಟೇ. ಆಮೇಲೆ ಹೋದಳು.

ಅವತ್ತು ಸಂಜೆ ಮೇಲ್ವಿಚಾರಕಿ ಬಂದು ಬೆನ್ನ ಮೇಲೆ ಕೈಯಿಟ್ಟರು. ಅಷ್ಟು ದಿನದ ಪರಿಚಯದವಳನ್ನು ಹಾಗೆ ಕರೆಯುವುದು ತಮ್ಮ ಕೈಯಲ್ಲೂ ಆಗುತ್ತಿರಲಿಲ್ಲ, ಇನ್ನು ನಿನ್ನ ಬಗ್ಗೆ ಯೋಚನೆಯಿಲ್ಲ ಎಂದರು. ನನ್ನನ್ನು ಕಾಯಂ ಮಾಡಲು ಮೇಲಿನವರಿಗೆ ಹೇಳಿದ್ದು ಹಾಗೆ. ಅದಕ್ಕೇ ಅದನ್ನು ಒಂದೇ ಸಾಲಿನಲ್ಲಿ ಬರೆದೆ.

ನೀನು ಈಗ ಹೊಲಿಗೆ ಪಕ್ಕಕ್ಕಿಟ್ಟು ಸುಮ್ಮನೆ ಕೂತಿರುತ್ತೀಯ ಎಂದು ನನಗೆ ಗೊತ್ತು. ಬೇಡ. ಮಗಳು ಅಳುತ್ತಾಳೆಂದು ನೀನು ಕೈಲಾದದ್ದನ್ನು ಹೇಳಿಕೊಟ್ಟೆ. ಅದಿಲ್ಲದಿದ್ದರೆ ನಾನು ಜುಲೈನಲ್ಲೇ ಊರಿಗೆ ಬಂದಿರುತ್ತಿದ್ದೆ.

ಬಿಟ್ಟುಬಿಡಬೇಕು ಅನ್ನಿಸಿತು. ಮಾರನೇ ದಿನವೂ ಅನ್ನಿಸಿತು. ನಿನಗೆ ಬರೆಯಬೇಕಿತ್ತು, ಬರೆಯಲಿಲ್ಲ. ಬಿಟ್ಟರೆ ಆ ಗೂಡಿಗೆ ಇನ್ನೊಬ್ಬಳು ಬರುತ್ತಾಳೆ, ಅವಳೂ ಇದನ್ನೇ ಕಲಿಯುತ್ತಾಳೆ. ಹಳೆಯ ಉಸಿರಿಗೆ ಹಿಂತಿರುಗುವಂತೆಯೂ ಇಲ್ಲ. ಹಾಲಿಗೆ ಹಾಲೇ ಎದ್ದು ನುಗ್ಗುವುದು ನನಗೆ ಬೇಡ.

ನಾಳೆಯಿಂದ, ಜೀವ ಹೋದಾಗ ಕರೆಯುವ ಆ ಒಂದು ಕರೆಯನ್ನು ನಾನು ಮೈಕಿನಲ್ಲಿ ಮಾಡುವುದಿಲ್ಲ. ಗೂಡಿನ ಬಾಗಿಲು ತೆಗೆದು ಅವರಿದ್ದಲ್ಲಿಗೆ ಹೋಗುತ್ತೇನೆ. ಬನ್ನಿ ಎಂದಷ್ಟೇ ಹೇಳಿ, ಒಳಕೋಣೆಯ ತನಕ ಅವರ ಪಕ್ಕದಲ್ಲಿ ನಡೆಯುತ್ತೇನೆ. ಚೀಲಗಳನ್ನು ಅಲ್ಲೇ ಬಿಡಿ, ನಾನು ನೋಡಿಕೊಳ್ಳುತ್ತೇನೆ ಎನ್ನುತ್ತೇನೆ. ಗೂಡು ಬಿಟ್ಟು ಹೊರಗೆ ಬರಬಾರದೆಂದು ನಿಯಮವಿದೆ. ಮೇಲ್ವಿಚಾರಕಿಯನ್ನು ಕೇಳಿಲ್ಲ. ಕೇಳಿದರೆ ಬೇಡವೆನ್ನುತ್ತಾರೆ, ಬೇಡವೆಂದರೆ ನಾನು ಒಪ್ಪಿಕೊಂಡುಬಿಡುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ. ಮಾಡಿದ ಮೇಲೆ ಕೆಲಸದಿಂದ ತೆಗೆದರೆ ತೆಗೆಯಲಿ.

ಇದರಿಂದ ಏನಾಗುತ್ತದೆಂದು ಯೋಚಿಸಿದ್ದೇನೆ. ನಾನು ಎದ್ದರೆ ಏನರ್ಥ ಎಂದು ಹಾಲಿನವರಿಗೆ ಬೇಗನೆ ತಿಳಿದುಹೋಗುತ್ತದೆ, ಹೊಸಬರಿಗೆ ಹಳಬರು ಹೇಳಿಕೊಡುತ್ತಾರೆ. ಬಾಗಿಲಿನ ಚಿಲಕದ ಸದ್ದಿಗೆ ಎಲ್ಲರ ಜೀವ ಬಾಯಿಗೆ ಬರುತ್ತದೆ. ಆದರೆ ಯಾರೂ ನುಗ್ಗುವುದಿಲ್ಲ, ಕೂತಲ್ಲೇ ಕೂತು ನಾನು ಯಾರ ಕಡೆ ಹೊರಟೆನೆಂದು ನೋಡುತ್ತಾರೆ. ಅವರ ಮುಂದೆ ಹಾದು ಹೋದ ಮೇಲೆ ಉಸಿರು ಬಿಡುತ್ತಾರೆ. ನನ್ನನ್ನು ಕಂಡರೆ ಯಾರಿಗೂ ಆಗುವುದಿಲ್ಲ, ಗಾಜಿನ ಹತ್ತಿರ ಬಂದು ಯಾರೂ ಮಾತಾಡಿಸುವುದೂ ಇಲ್ಲ. ಆಗಲಿ.

ಕುಡಿಯುವ ನೀರನ್ನು ಬೆಳಿಗ್ಗೆ ಗೂಡಿಗೆ ಬರುವಾಗಲೇ ತುಂಬಿಸಿ ತಂದಿಟ್ಟುಕೊಳ್ಳುತ್ತೇನೆ. ಬೇರೆ ಯಾವುದಕ್ಕೂ ನಾನು ಆ ಕುರ್ಚಿಯಿಂದ ಏಳುವುದಿಲ್ಲ.

ನಿನ್ನ
ಸೊಳ್ಳೆ